ಮಣ್ಣಿನ ನಾಲೆಯೂ ಪಾಠವಾಗಲಿ

ರಾಯಚೂರು ಕೋಟೆಯ ಗೋಡೆಯಲ್ಲಿ ಸುಮಾರು 41 ಅಡಿ ಉದ್ದದ ಶಿಲೆಯೊಂದಿದೆ. ಕಾಕತೀಯರ ಕಾಲದಲ್ಲಿ, 1294ರಲ್ಲಿ, ಈ ಕೋಟೆ ಕಟ್ಟಿದ ಸಂಗತಿಯನ್ನು ಅದರ ಮೇಲಿನ ಶಾಸನ ತಿಳಿಸುತ್ತದೆ. ಅದಕ್ಕಿಂತ ಕುತೂಹಲಕರವಾದುದು ಅಲ್ಲಿಯೇ ಕೊರೆದಿರುವ ರೇಖಾಚಿತ್ರ. ಆ ಬೃಹತ್ ಕಲ್ಲನ್ನು ಬಂಡಿಗೇರಿಸಿ, ಜಾನುವಾರುಗಳ ಉದ್ದನೆಯ ಸಾಲು ಹೂಡಿ, ಗಾಲಿಗಳನ್ನು ಹಿಂದಿನಿಂದ ಮೀಟುತ್ತ ಸಾಗಿಸಿದ ಬಗೆಯನ್ನು ಅದು ತೋರಿಸುತ್ತದೆ. ಕಟ್ಟಿದವರು ಕೋಟೆಯನ್ನಷ್ಟೇ ಅಲ್ಲ, ಕಟ್ಟುವ ಕ್ರಮವನ್ನೂ ನಮಗೆ ಬಿಟ್ಟುಹೋಗಿದ್ದಾರೆ. ನಮ್ಮ ಮಕ್ಕಳಾದರೋ ಸನ್ನೆಯ ತತ್ವವನ್ನು ಬಾಯಿಪಾಠ ಮಾಡಿ ಅಂಕ ಗಳಿಸುತ್ತಾರೆ.

ಶಾಲೆಗಳಲ್ಲಿ ಮಾದರಿಗಳೇ ಇಲ್ಲವೆಂದಲ್ಲ. ವಿಜ್ಞಾನ ವಸ್ತುಪ್ರದರ್ಶನ ಬಂತೆಂದರೆ ಥರ್ಮಾಕೋಲಿನ ಅಣೆಕಟ್ಟುಗಳು ಮೇಜು ತುಂಬುತ್ತವೆ. ಎಷ್ಟೋ ವೇಳೆ ಅವು ಪಾಲಕರ ಕೈಕೆಲಸ. ತೀರ್ಪುಗಾರರು ಹೋದ ಮೇಲೆ ಮೂಲೆ ಸೇರುತ್ತವೆ. ಮಾಡಿ, ಕೆಟ್ಟರೆ ಕಾರಣ ಹುಡುಕಿ, ಮತ್ತೆ ಮಾಡುವ ಅವಕಾಶವಿಲ್ಲದಿದ್ದರೆ ಅದು ಪ್ರದರ್ಶನವೇ ಹೊರತು ಕಲಿಕೆಯಲ್ಲ.

ದೇವದುರ್ಗದ ಹೊಲಗಳಿಗೆ ನಾರಾಯಣಪುರ ಬಲದಂಡೆ ನಾಲೆಯ ನೀರು ಬರುತ್ತದೆ. ಮಾನ್ವಿಯ ಹೊಲಗಳಿಗೆ ತುಂಗಭದ್ರಾ ಎಡದಂಡೆ ನಾಲೆಯದು. ಇಲ್ಲಿನ ಶಾಲೆಯಂಗಳದಲ್ಲಿ ಮಕ್ಕಳು ಮಣ್ಣಿನಲ್ಲಿ ಪುಟ್ಟ ನಾಲೆಯೊಂದನ್ನು ತೋಡಲಿ. ಇಳಿಜಾರು ಅಳೆಯಲಿ, ತೂಬುಗಳನ್ನಿಡಲಿ, ಒಂದು ಕೊಡ ನೀರು ಹರಿಯಬಿಡಲಿ. ಮೇಲಿನ ತೂಬನ್ನು ತುಸು ಅಗಲಿಸಿದರೆ ಕೊನೆಯ ಗದ್ದೆ ಒಣಗುವುದನ್ನು ಅವರೇ ಕಾಣುತ್ತಾರೆ. ಕೊನೆ ಭಾಗದ ರೈತರ ಅಳಲು ಅಲ್ಲಿ ಗಣಿತವೂ ಹೌದು, ನ್ಯಾಯದ ಪ್ರಶ್ನೆಯೂ ಹೌದು. ಹಾಗೆಯೇ ಮಣ್ಣಿನ ಮಾಳಿಗೆಯದೊಂದು, ತಗಡಿನ ಸೂರಿನದೊಂದು ಪುಟ್ಟ ಮನೆ ಕಟ್ಟಿ ಬಿಸಿಲಿಗಿಟ್ಟು ಒಳಗಿನ ಶಾಖ ಅಳೆದರೆ ವಾಸ್ತುಶಿಲ್ಪದ ಮೊದಲ ಪಾಠ ಮುಗಿದಂತೆ.

2016ರಲ್ಲಿ ಆರಂಭವಾದ ಅಟಲ್ ಟಿಂಕರಿಂಗ್ ಪ್ರಯೋಗಾಲಯಗಳು ಸ್ವಾಗತಾರ್ಹ. ಆದರೆ ಅವು ಬರುವವರೆಗೆ ಕಾಯಬೇಕಿಲ್ಲ. ಮಣ್ಣು, ಬಿದಿರು, ದಾರಕ್ಕೆ ಅನುದಾನ ಬೇಡ. ಬೇಕಾದದ್ದು ವಾರಕ್ಕೆರಡು ಅವಧಿ, ಶಿಕ್ಷಕರಿಗೆ ತರಬೇತಿ ಮತ್ತು ಮೌಲ್ಯಮಾಪನದಲ್ಲಿ ಒಂದಿಷ್ಟು ಅಂಕ.

‘ಮಣ್ಣು ಕಲೆಸುವುದಕ್ಕೆ ಶಾಲೆಗೆ ಕಳುಹಿಸಬೇಕೆ’ ಎಂದು ಪಾಲಕರು ಕೇಳಬಹುದು. ಆ ಮಾತಿನ ಹಿಂದಿನ ನೋವನ್ನು ನಾನು ಅಲ್ಲಗಳೆಯಲಾರೆ. ಇದೇ ತಾಲ್ಲೂಕುಗಳಿಂದ ಬೆಂಗಳೂರಿಗೆ ಗುಳೆ ಹೋಗುವ ಕುಟುಂಬಗಳು ಅಲ್ಲಿನ ಕಟ್ಟಡಗಳಿಗೆ ಇಟ್ಟಿಗೆ ಹೊರುತ್ತಿವೆ. ಅದಕ್ಕಾಗಿಯೇ ಈ ಪಾಠ ಬೇಕು. ಕಟ್ಟುವ ಕೈಗಳಿಗೂ ನಕ್ಷೆ ಬರೆಯುವ ಕೈಗಳಿಗೂ ನಡುವೆ ನಾವು ಎಬ್ಬಿಸಿರುವ ಗೋಡೆಯನ್ನು ಕೆಡವುವ ಕೆಲಸ ತರಗತಿಯಿಂದಲೇ ಆರಂಭವಾಗಬೇಕು.