ಕೆಂಪು ನೀರಿನ ದಾರಿ

ತಾಳವಾಡಿಯ ಬೆಟ್ಟಗಳಿಗೂ ಕಡಲಿಗೂ ಏನು ನಂಟು ಎಂದು ಓದುಗ ಬಾಂಧವರು ಕೇಳಬಹುದು. ದಿಂಬಂ ಘಟ್ಟದ 27 ತಿರುವುಗಳನ್ನು ಇಳಿದು, ಸತ್ಯಮಂಗಲವನ್ನು ದಾಟಿ, ಮತ್ತೆಷ್ಟೋ ದೂರ ಸಾಗಿದ ಮೇಲಲ್ಲವೆ ಕಡಲು? ಆದರೆ ಮಳೆಗಾಲದಲ್ಲಿ ನಮ್ಮ ಹೊಲಗಳಿಂದ ಹರಿದುಹೋಗುವ ಕೆಂಪು ನೀರು ಬಡಗಣಕ್ಕೆ ಇಳಿದರೂ, ತೆಂಕಣದ ಮೋಯಾರ್ ಕಣಿವೆಗೆ ಧುಮುಕಿ ಭವಾನಿಯನ್ನು ಕೂಡಿದರೂ ಕೊನೆಗೆ ಕಾವೇರಿಯ ನೀರೇ ಆಗುತ್ತದೆ. ಅದರ ದಾರಿ ಬಂಗಾಳ ಕೊಲ್ಲಿಗೆ.

ನದಿಗಳು ತಂದ ಮಣ್ಣಿಗೆ ಆ ಕಡಲಿನಲ್ಲಿ ಒಂದು ವಿಶೇಷ ಕೆಲಸವುಂಟು. ಕಡಲ ಮೇಲ್ಪದರದ ಸೂಕ್ಷ್ಮ ಸಸ್ಯಗಳು ಇಂಗಾಲವನ್ನು ಹೀರಿ ಬೆಳೆಯುತ್ತವೆ. ಅವು ಸತ್ತ ಮೇಲೆ ಉಳಿಯುವ ಹಗುರವಾದ ಅವಶೇಷ ಬಹಳ ನಿಧಾನವಾಗಿ ಮುಳುಗುತ್ತದೆ. ದಾರಿಯಲ್ಲಿಯೇ ಬಹುಪಾಲು ಕೊಳೆತು ಕರಗಿಹೋಗುತ್ತದೆ. ಮಣ್ಣಿನ ಕಣ ಅಂಟಿಕೊಂಡರೆ ಭಾರ ಹೆಚ್ಚಿ ಬೇಗ ಆಳ ಸೇರುತ್ತದೆ, ಇಂಗಾಲವೂ ಜೊತೆಯಲ್ಲಿ ಇಳಿಯುತ್ತದೆ. 1987ರಿಂದ ಗೋವೆಯ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯೂ ಜರ್ಮನಿಯ ಹ್ಯಾಂಬರ್ಗ್ ವಿಶ್ವವಿದ್ಯಾಲಯವೂ ಕೂಡಿ ಬಂಗಾಳ ಕೊಲ್ಲಿಯಲ್ಲಿ ಬೀಳುವ ಕಣಗಳನ್ನು ಹಿಡಿಯುವ ಆಲಿಕೆಗಳನ್ನು ಇಳಿಬಿಟ್ಟು ಈ ಸಂಗತಿಯನ್ನು ಅಭ್ಯಾಸ ಮಾಡಿದವು.

ಆಲಿಕೆಯದು ನಿಧಾನದ ಕೆಲಸ. ಈಗ ಬೆಳಕೇ ಆಳು. ಗಾಜಿನ ಕಿಂಡಿಯಿಂದ ನೀರಿಗೆ ಬೆಳಕನ್ನು ಹಾಯಿಸಿದರೆ ಕಣಗಳು ಅದನ್ನು ಚದುರಿಸುತ್ತವೆ. ಹಿಂದಿರುಗಿದ ಬೆಳಕು ಎಷ್ಟೆಂದು ಅಳೆದರೆ ಕಣಗಳ ಅಂದಾಜು ಸಿಗುತ್ತದೆ. ನೀಲಿ ಬೆಳಕು ಬಿದ್ದರೆ ಸಸ್ಯದ ಪತ್ರಹರಿತ್ತು ಕೆಂಪಾಗಿ ಮಿನುಗುತ್ತದೆ. ಹೀಗೆ ಜೀವವುಳ್ಳದ್ದು ಬೇರೆ, ಬರಿಯ ಮಣ್ಣು ಬೇರೆ ಎಂದು ತಿಳಿಯಬಹುದು. ಇಂಥ ಉಪಕರಣಗಳನ್ನು ಹೊತ್ತ ತೇಲುಗೊಳವೆಗಳು ಸಾಮಾನ್ಯವಾಗಿ ಹತ್ತು ದಿನಕ್ಕೊಮ್ಮೆ 2000 ಮೀಟರ್ ಆಳದವರೆಗೆ ಇಳಿದು, ಏರುತ್ತ ಅಳೆದು, ಉಪಗ್ರಹದ ಮೂಲಕ ಸುದ್ದಿ ಕಳಿಸುತ್ತವೆ. ಹೈದರಾಬಾದಿನ ಸಾಗರ ಮಾಹಿತಿ ಕೇಂದ್ರವು ನಮ್ಮ ಕಡಲುಗಳಲ್ಲಿಯೂ ಇವನ್ನು ಬಿಟ್ಟಿದೆ. ಗಾಜಿನ ಮೇಲೆ ಪಾಚಿ ಕಟ್ಟಿದರೆ ಮಾತ್ರ ಲೆಕ್ಕ ಕೆಡುತ್ತದೆ. ಬಾವಿಯ ಮೆಟ್ಟಿಲಿಗೂ ಇದೇ ಪಾಡಲ್ಲವೆ!

ಆಕಾಶದಿಂದ ನೋಡುವ ಕಣ್ಣೂ ಉಂಟು. 1999ರ ಮೇ 26ರಂದು ನಮ್ಮ ದೇಶ ಹಾರಿಸಿದ ಓಷನ್‌ಸ್ಯಾಟ್ ಉಪಗ್ರಹ ಕಡಲಿನ ಬಣ್ಣವನ್ನು 8 ಪಟ್ಟಿಗಳಲ್ಲಿ ನೋಡಿತು. 2022ರ ನವೆಂಬರ್ 26ರಂದು ಹೋದ ಅದರ ತಮ್ಮನಿಗೆ 13 ಪಟ್ಟಿಗಳು. ಮೀನು ಸಿಗುವ ತಾಣವನ್ನು ಬೆಸ್ತರಿಗೆ ಹೇಳಲು ಈ ಬಣ್ಣವೂ ನೀರಿನ ಬಿಸುಪೂ ಆಧಾರ. ಆದರೆ ನದೀಮುಖದ ಕೆಸರು ಹಸುರಿನ ಲೆಕ್ಕವನ್ನು ಗಲಿಬಿಲಿಗೊಳಿಸುತ್ತದೆ. ಆದುದರಿಂದ ಹಡಗಿನಲ್ಲಿ ಹೋಗಿ ನೀರು ಮೊಗೆದು ನೋಡುವುದು ಇನ್ನೂ ತಪ್ಪಿಲ್ಲ.

ಇನ್ನು ನಮ್ಮ ಮಣ್ಣು. 1934ರ ಮೆಟ್ಟೂರು, 1955ರ ಭವಾನಿಸಾಗರ ಮೊದಲಾದ ಅಣೆಕಟ್ಟುಗಳ ಹಿಂದೆ ಹೂಳು ನಿಲ್ಲುತ್ತದೆ. ಹೊಲದ ಮೇಲ್ಮಣ್ಣು ರೈತನಿಗೂ ಉಳಿಯದೆ, ಕಡಲಿಗೂ ಪೂರ್ತಿ ಸಲ್ಲದೆ, ಜಲಾಶಯದ ಜಾಗವನ್ನು ತಿನ್ನುತ್ತದೆ. ಬದು ಹಾಕುವ ಮಾತು ಹಳೆಯದೆಂದು ತಳ್ಳಿಬಿಡುವವರು ಇದನ್ನು ಗಮನಿಸಬೇಕು.

ಅಳತೆಗೆ ಉಪಗ್ರಹವೇ ಬೇಕೆಂದಿಲ್ಲ. 1865ರಲ್ಲಿ ಇಟಲಿಯ ಸೆಕ್ಕಿ ಎಂಬ ಪಾದ್ರಿ ಬಿಳಿಯ ತಟ್ಟೆಯೊಂದನ್ನು ಕಡಲಿಗೆ ಇಳಿಸಿ, ಅದು ಕಣ್ಮರೆಯಾಗುವ ಆಳವನ್ನು ಗುರುತಿಸಿದನು. ಊರಿನ ಕೆರೆಯಲ್ಲಿ ದೊಡ್ಡವರ ಜೊತೆ ನಿಂತು ಮಕ್ಕಳೂ ಹೀಗೆ ಮಾಡಬಹುದು: ಬಿಳಿ ತಟ್ಟೆಗೆ ಹಗ್ಗ ಕಟ್ಟಿ, ಗೇಣಿಗೊಂದು ಗಂಟು ಹಾಕಿ, ಮಳೆಗೆ ಮುಂಚೆ ಒಮ್ಮೆ, ಮಳೆಯ ಮರುದಿನ ಒಮ್ಮೆ ಇಳಿಸಿ, ಗಂಟುಗಳನ್ನು ಎಣಿಸಿ ಬರೆದಿಟ್ಟುಕೊಳ್ಳಲಿ.