ರಾತ್ರಿ ಮಲಗುವ ಎತ್ತರ ಎಷ್ಟು?

ದೂರದ ಬೆಟ್ಟ ನುಣ್ಣಗೆ ಎಂದರು ಹಿರಿಯರು. ಲಡಾಖ್‌ನ ಬೆಟ್ಟಗಳು ದೂರದಿಂದಲೂ ನುಣ್ಣಗೆ ಕಾಣುವುದಿಲ್ಲ. ಮರವಿಲ್ಲ, ಹಸಿರಿಲ್ಲ, ಎತ್ತ ನೋಡಿದರೂ ಕಲ್ಲು, ಮಣ್ಣು, ನೆತ್ತಿಯ ಮೇಲೆ ಹಿಮ. ಆದರೂ ಬೇಸಿಗೆಯಲ್ಲಿ ಹಿಮ ತೆಗೆದು ರಸ್ತೆ ತೆರೆದರೆ ಸಾಕು, ಮನಾಲಿಯಿಂದ ಲೇಹ್‌ಗೆ ಸೈಕಲ್ ತುಳಿಯುವವರು ಹೊರಟುಬಿಡುತ್ತಾರೆ. ನಮ್ಮ ಕಾಲೇಜು ಹುಡುಗ ಹುಡುಗಿಯರಿಗೂ ಈ ಆಸೆ ಹತ್ತಿದೆ.

ಮನೆಯಲ್ಲಿ ಮಾತೆತ್ತಿದ ಕೂಡಲೇ ಅಪ್ಪ ಕೇಳುತ್ತಾರೆ, "ದಿನಕ್ಕೆ ಎಷ್ಟು ಕಿಲೋಮೀಟರ್ ತುಳಿಯುತ್ತೀಯೋ?" ಅಮ್ಮ ಕೇಳುತ್ತಾರೆ, "ಊಟಕ್ಕೇನು ಮಾಡ್ತೀಯ?" ಎರಡೂ ನ್ಯಾಯವಾದ ಪ್ರಶ್ನೆಗಳೇ. ಆದರೆ ಕೇಳಲೇಬೇಕಾದ ಮೂರನೆಯ ಪ್ರಶ್ನೆಯೊಂದಿದೆ: "ಪ್ರತಿ ರಾತ್ರಿ ಎಷ್ಟು ಎತ್ತರದಲ್ಲಿ ಮಲಗುತ್ತೀಯ?" ಇದು ಜೀವ ಉಳಿಸುವ ಪ್ರಶ್ನೆ. ಉತ್ತರ ಹುಡುಕಲು ಹೈಸ್ಕೂಲಿನ ವಿಜ್ಞಾನವೇ ಸಾಕು.

ಕಾಲಿನ ಲೆಕ್ಕ

ಮೊದಲು ಸುಲಭದ ಲೆಕ್ಕ ಮುಗಿಸೋಣ. ಸವಾರನ ತೂಕ 60 ಕಿಲೋ, ಸೈಕಲ್ 15, ಸಾಮಾನು 20, ಒಟ್ಟು 95 ಕಿಲೋ ಎಂದಿಟ್ಟುಕೊಳ್ಳಿ. ಇದನ್ನು 1,000 ಮೀಟರ್ ಎತ್ತರಕ್ಕೆ ಏರಿಸಲು ಬೇಕಾದ ಕೆಲಸ 95 × 9.8 × 1,000, ಅಂದರೆ 931 ಕಿಲೋಜೂಲ್. ನಮ್ಮ ಸ್ನಾಯುಗಳು ತಿಂದ ಆಹಾರದ ಶಕ್ತಿಯಲ್ಲಿ ಸುಮಾರು ಕಾಲು ಭಾಗವನ್ನು ಮಾತ್ರ ಕೆಲಸವಾಗಿ ಕೊಡುತ್ತವೆ, ಉಳಿದದ್ದು ಶಾಖವಾಗಿ ಹೋಗುತ್ತದೆ. ಹಾಗಾಗಿ ಇಷ್ಟು ಏರಲು ಸುಮಾರು 900 ಕಿಲೋಕ್ಯಾಲೊರಿ ಬೇಕು. ಎಂಟೊಂಬತ್ತು ಚಪಾತಿಯ ಲೆಕ್ಕ!

ಊರಿನ ಸಾದಾ ಸೈಕಲ್‌ನಲ್ಲಿ ಪೆಡಲಿನ ಚಕ್ರಕ್ಕೆ 44 ಹಲ್ಲು, ಹಿಂದಿನ ಫ್ರೀವೀಲ್‌ಗೆ 18 ಹಲ್ಲು ಇದ್ದರೆ ಪೆಡಲನ್ನು ಒಂದು ಸುತ್ತು ತಿರುಗಿಸಿದಾಗ ಸೈಕಲ್ ಸುಮಾರು ಐದೂವರೆ ಮೀಟರ್ ಓಡುತ್ತದೆ. ಬೆಟ್ಟದ ಸೈಕಲ್‌ನಲ್ಲಿ ಮುಂದೆ 22, ಹಿಂದೆ 34 ಹಲ್ಲಿನ ಗೇರ್ ಹಾಕಿದರೆ ಒಂದು ಸುತ್ತಿಗೆ ಒಂದೂಕಾಲು ಮೀಟರ್‌ಗಿಂತ ತುಸು ಹೆಚ್ಚು. ದಾರಿ ಸಾಗುವುದು ಕಡಿಮೆ, ಬಲವೂ ಕಡಿಮೆ ಸಾಕು. ಒಟ್ಟು ಕೆಲಸ ಅಷ್ಟೇ, ಆದರೆ ಸಣ್ಣ ಸಣ್ಣ ಕಂತುಗಳಲ್ಲಿ ತೀರಿಸುತ್ತೇವೆ. ಈ ದಾರಿಯ ಪ್ರಸಿದ್ಧ ಗಾಟಾ ಲೂಪ್ಸ್‌ನ 21 ಹೇರ್‌ಪಿನ್ ತಿರುವುಗಳು ಮಾಡುವುದೂ ಇದನ್ನೇ. ಕಡಿದಾದ ಗೋಡೆಯನ್ನು ಉದ್ದನೆಯ ಇಳಿಜಾರು ಹಲಗೆಯಾಗಿ ಮಡಚಿಟ್ಟಿದ್ದಾರೆ.

ಏರುವಾಗ ಕೂಡಿಟ್ಟ ಶಕ್ತಿ ಇಳಿಯುವಾಗ ಎಲ್ಲಿಗೆ ಹೋಗುತ್ತದೆ? ಒಂದಿಷ್ಟು ಗಾಳಿಯನ್ನು ತಳ್ಳುವುದಕ್ಕೆ, ಉಳಿದದ್ದು ಬ್ರೇಕಿಗೆ. 931 ಕಿಲೋಜೂಲ್ ಎಂದರೆ ಸುಮಾರು ಮೂರು ಲೀಟರ್ ನೀರನ್ನು 25 ಡಿಗ್ರಿಯಿಂದ 100 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸುವಷ್ಟು ಶಾಖ. ಒಂದೇ ಸಮನೆ ಬ್ರೇಕ್ ಹಿಡಿದು ಇಳಿದರೆ ರಿಮ್ ಮುಟ್ಟಲಾಗದಷ್ಟು ಕಾಯುತ್ತದೆ. ಆದ್ದರಿಂದ ಎರಡೂ ಬ್ರೇಕುಗಳನ್ನು ಬಿಟ್ಟು ಬಿಟ್ಟು ಹಿಡಿಯಬೇಕು, ನಡುನಡುವೆ ನಿಂತು ಆರಲು ಬಿಡಬೇಕು.

ಕಾಲಿನ ಕಷ್ಟಕ್ಕೆ ಹೀಗೆ ಯಂತ್ರದ ಸಹಾಯ ಸಿಗುತ್ತದೆ. ಉಸಿರಿನ ಕಷ್ಟಕ್ಕೆ ಯಾವ ಗೇರೂ ಇಲ್ಲ.

ಉಸಿರಿನ ಲೆಕ್ಕ

"ಎತ್ತರದಲ್ಲಿ ಗಾಳಿಯಲ್ಲಿರುವ ಆಮ್ಲಜನಕದ ಪ್ರಮಾಣ ಕಡಿಮೆ" ಎಂದು ಮಕ್ಕಳು ಉತ್ತರಪತ್ರಿಕೆಯಲ್ಲಿ ಬರೆಯುತ್ತಾರೆ. ಪ್ರಮಾಣ ಎಲ್ಲ ಕಡೆಯೂ ಶೇಕಡ 21ರಷ್ಟೇ. ಕಡಿಮೆಯಾಗುವುದು ಗಾಳಿಯ ಒತ್ತಡ. ಸಮುದ್ರಮಟ್ಟದಲ್ಲಿ ಅದು 760 ಮಿಲಿಮೀಟರ್ ಪಾದರಸ. 3,500 ಮೀಟರ್ ಎತ್ತರದ ಲೇಹ್‌ನಲ್ಲಿ ಅದರ ಸುಮಾರು ಶೇಕಡ 65. ಮನಾಲಿ–ಲೇಹ್ ದಾರಿಯ ಅತಿ ಎತ್ತರದ ತಾಂಗ್ಲಾಂಗ್ ಲಾದಲ್ಲಿ, ಅಂದರೆ 5,328 ಮೀಟರ್‌ನಲ್ಲಿ, ಅರ್ಧಕ್ಕಿಂತ ತುಸು ಮೇಲೆ. ಟಿಬೆಟನ್ ಭಾಷೆಯಲ್ಲಿ 'ಲಾ' ಎಂದರೆ ಬೆಟ್ಟಗಳ ನಡುವಿನ ಕಣಿವೆಮಾರ್ಗ. ಅಲ್ಲಿ ಎಳೆದುಕೊಂಡ ಒಂದೊಂದು ಉಸಿರಿನಲ್ಲಿಯೂ ಅರ್ಧದಷ್ಟೇ ಆಮ್ಲಜನಕ. ನೀರು ಸುಮಾರು 83 ಡಿಗ್ರಿಗೇ ಕುದಿಯುವುದರಿಂದ ತೆರೆದ ಪಾತ್ರೆಯಲ್ಲಿ ಬೇಳೆ ಬೇಯುವುದಿಲ್ಲ. ಅಮ್ಮನ ಪ್ರಶ್ನೆಗೆ ಉತ್ತರ ಇಲ್ಲಿದೆ: ಪ್ರೆಶರ್ ಕುಕ್ಕರ್, ಇಲ್ಲವಾದರೆ ಅವಲಕ್ಕಿ, ಹುರಿಹಿಟ್ಟು.

ನಮ್ಮ ರಾಜ್ಯದ ಅತಿ ಎತ್ತರದ ಮುಳ್ಳಯ್ಯನಗಿರಿ 1,930 ಮೀಟರ್. ಪ್ರಯಾಣ ಶುರುವಾಗುವ ಮನಾಲಿಯೇ ಸುಮಾರು 2,050 ಮೀಟರ್! ಆಗುಂಬೆ ಘಾಟಿಯನ್ನು ಹತ್ತು ಸಲ ಹತ್ತಿದರೆ ಕಾಲು ಗಟ್ಟಿಯಾಗುತ್ತದೆ, ನಿಜ. ಆದರೆ ತೆಳುಗಾಳಿಯ ಅಭ್ಯಾಸವಾಗುವುದಿಲ್ಲ. ಆ ಅಭ್ಯಾಸ ಎತ್ತರದಲ್ಲೇ, ದಿನಗಟ್ಟಲೆ ಕಾಲದಲ್ಲೇ ಆಗಬೇಕು. ಮೊದಲು ಉಸಿರಾಟ, ನಾಡಿಬಡಿತ ಹೆಚ್ಚುತ್ತವೆ. ಬಿರುಸಾದ ಉಸಿರಾಟದಿಂದ ಏರುಪೇರಾದ ರಕ್ತದ ಆಮ್ಲ–ಕ್ಷಾರ ಸಮತೋಲನವನ್ನು ಮೂತ್ರಪಿಂಡಗಳು ಕೆಲವು ದಿನಗಳಲ್ಲಿ ಸರಿಪಡಿಸುತ್ತವೆ. ಕೆಂಪು ರಕ್ತಕಣಗಳು ಸಾಕಷ್ಟು ಹೆಚ್ಚಲು ವಾರಗಳೇ ಬೇಕು.

ಅವಸರ ಮಾಡಿದರೆ ಎತ್ತರದ ಕಾಯಿಲೆ ಬರುತ್ತದೆ. ತಲೆನೋವು, ವಾಕರಿಕೆ, ಊಟ ಸೇರದಿರುವುದು, ವಿಪರೀತ ಸುಸ್ತು ಮೊದಲ ಲಕ್ಷಣಗಳು. ಸುಮ್ಮನೆ ಕುಳಿತಾಗಲೂ ಏದುಸಿರು, ಕೆಮ್ಮು ಬಂದರೆ ಶ್ವಾಸಕೋಶದಲ್ಲಿ ನೀರು ಸೇರುತ್ತಿದೆ ಎಂದು ಅನುಮಾನಿಸಬೇಕು. ನಡೆಯುವಾಗ ಜೋಲಿ ಹೊಡೆದರೆ, ಮಾತು ತಡಬಡಾಯಿಸಿದರೆ ಮೆದುಳು ಊದಿಕೊಳ್ಳುತ್ತಿರಬಹುದು. ಎರಡೂ ಕೆಲವೇ ಗಂಟೆಗಳಲ್ಲಿ ಜೀವ ತೆಗೆಯಬಲ್ಲವು. ಔಷಧ, ಆಮ್ಲಜನಕದ ಸಿಲಿಂಡರ್ ಇದ್ದರೆ ಒಳ್ಳೆಯದೇ, ಆದರೆ ನಂಬಬಹುದಾದ ಚಿಕಿತ್ಸೆ ಒಂದೇ: ಕೆಳಗೆ ಇಳಿಯುವುದು. ಗಟ್ಟಿಮುಟ್ಟಾದ ತರುಣರಿಗೆ ಇದರಿಂದ ವಿನಾಯಿತಿಯಿಲ್ಲ. ಕಾಲಲ್ಲಿ ಕಸುವಿರುವವನು ಬೇಗ ಮೇಲೇರಿಬಿಡುತ್ತಾನೆ, ಅಪಾಯವೂ ಅವನಿಗೇ ಬೇಗ.

ವೈದ್ಯರು ಹೇಳುವ ಸೂತ್ರ ಸರಳ. 3,000 ಮೀಟರ್ ದಾಟಿದ ಮೇಲೆ ಇಂದು ರಾತ್ರಿ ಮಲಗುವ ಜಾಗ ನಿನ್ನೆಯ ಜಾಗಕ್ಕಿಂತ 500 ಮೀಟರ್‌ಗಿಂತ ಹೆಚ್ಚು ಮೇಲಿರಬಾರದು. ಮೂರು ನಾಲ್ಕು ದಿನಕ್ಕೊಮ್ಮೆ ಒಂದು ದಿನ ಬಿಡುವು. ಹಗಲಲ್ಲಿ ಎಷ್ಟೇ ಹತ್ತಿದರೂ ಸಂಜೆ ಇಳಿದು ಮಲಗಿದರೆ ಒಳ್ಳೆಯದು.

ದಾರಿಯ ಲೆಕ್ಕ

ಈ ಸೂತ್ರವನ್ನು ಕೈಯಲ್ಲಿ ಹಿಡಿದು ನಕ್ಷೆ ನೋಡೋಣ. ಮನಾಲಿಯಿಂದ ಹಳೆಯ ರಸ್ತೆ 3,978 ಮೀಟರ್ ಎತ್ತರದ ರೋಹತಾಂಗ್ ಹತ್ತಿ, ಸುಮಾರು 3,100 ಮೀಟರ್‌ನ ಲಾಹೌಲ್ ಕಣಿವೆಗೆ ಇಳಿಯುತ್ತದೆ. ಹತ್ತಿ ಇಳಿದು ಮಲಗುವ ಪಾಠ ಮೊದಲಿಗೇ ಆಗುತ್ತದೆ. 2020ರ ಅಕ್ಟೋಬರ್‌ನಲ್ಲಿ 9.02 ಕಿ.ಮೀ. ಉದ್ದದ ಅಟಲ್ ಸುರಂಗ ತೆರೆದ ಮೇಲೆ ವಾಹನಗಳಿಗೆ ದಾರಿ ಹತ್ತಿರವಾಯಿತು. ದೇಹ ಒಗ್ಗಿಕೊಳ್ಳುವ ಕಾಲವೇನೂ ಕಡಿಮೆಯಾಗಲಿಲ್ಲ.

ಮುಂದೆ ಕೇಲಾಂಗ್, ಅದರಾಚೆ ಸುಮಾರು 3,200 ಮೀಟರ್‌ನ ಜಿಸ್ಪಾ. ಅಲ್ಲಿಂದ ಒಂದೇ ದಿನದಲ್ಲಿ 4,270 ಮೀಟರ್‌ನ ಜಿಂಗ್‌ಜಿಂಗ್‌ಬಾರ್ ತಲುಪುವವರಿದ್ದಾರೆ. ಸಾವಿರ ಮೀಟರ್‌ನ ನೆಗೆತ! ಜಿಸ್ಪಾದಲ್ಲಿ ಒಂದು ದಿನ ಹೆಚ್ಚು ಕಳೆದು, ನಡುವೆ 3,800 ಮೀಟರ್ ಆಸುಪಾಸಿನ ಪತ್ಸೆಯೊದಲ್ಲಿ ಒಂದು ರಾತ್ರಿ ತಂಗಿದರೆ ಲೆಕ್ಕ ಹೆಚ್ಚುಕಡಿಮೆ ಸರಿಹೋಗುತ್ತದೆ.

ಈಗ ಗಮನವಿಟ್ಟು ನೋಡಬೇಕಾದ ಜಾಗ. ಜಿಂಗ್‌ಜಿಂಗ್‌ಬಾರ್ ದಾಟಿದರೆ ಬಾರಾಲಾಚಾ ಲಾ, ಸುಮಾರು 4,890 ಮೀಟರ್. ಅದನ್ನು ಹತ್ತಿ ಇಳಿದರೆ 4,290 ಮೀಟರ್‌ನಲ್ಲಿ ಸರ್ಚು ಬಯಲು. ನೋಡಲು ಸಮತಟ್ಟು, ಬೇಸಿಗೆಯಲ್ಲಿ ಡೇರೆಗಳು ಎದ್ದಿರುತ್ತವೆ, ಬಿಸಿ ಚಹಾ ಸಿಗುತ್ತದೆ. ಆದರೆ ಸರ್ಚು ಒಂದು ಬಟ್ಟಲಿನ ತಳ. ಹಿಂದೆ ಬಾರಾಲಾಚಾ, ಮುಂದೆ ಗಾಟಾ ಲೂಪ್ಸ್, 4,700 ಮೀಟರ್ ಮೀರಿದ ನಕೀ ಲಾ, 5,060 ಮೀಟರ್ ಹತ್ತಿರದ ಲಾಚುಂಗ್ ಲಾ. ಅಲ್ಲಿ ಕಾಯಿಲೆ ಬಿದ್ದವನನ್ನು ಕೆಳಗಿಳಿಸಬೇಕಾದರೆ ಯಾವ ಕಡೆ ಹೋದರೂ ಮೊದಲು ಮೇಲಕ್ಕೆ ಹತ್ತಿಸಬೇಕು! ಲಾಚುಂಗ್ ಲಾ ಆಚೆ ಪಾಂಗ್ 4,600 ಮೀಟರ್, ಅಲ್ಲಿಂದ ಮೊರೆ ಬಯಲು, ತಾಂಗ್ಲಾಂಗ್ ಲಾ. ಅದನ್ನು ಇಳಿದು ರುಮ್ಸೆ ಹಳ್ಳಿ ಸೇರುವವರೆಗೂ ಇದೇ ಕಥೆ. ಉಪ್ಶಿಯಲ್ಲಿ ಸಿಂಧೂ ನದಿ ಕಂಡ ಮೇಲೆಯೇ ನಿರಾಳ.

ಆದ್ದರಿಂದ ಈ ಪ್ರಯಾಣದ ನಿಜವಾದ ಪರೀಕ್ಷೆ ಬಾರಾಲಾಚಾದ ಈಚೆಗೇ ನಡೆಯುತ್ತದೆ. ಜಿಂಗ್‌ಜಿಂಗ್‌ಬಾರ್‌ನಲ್ಲಿ ಬೆಳಿಗ್ಗೆ ಎದ್ದಾಗ ತಲೆನೋವಿದ್ದರೆ ಮೇಲೆ ಹತ್ತಬಾರದು. ಕಡಿಮೆಯಾಗುವವರೆಗೆ ಅಲ್ಲೇ ಇರಬೇಕು, ಹೆಚ್ಚಾದರೆ ಜೊತೆಗಾರರೊಡನೆ ವಾಹನದಲ್ಲಿ ಜಿಸ್ಪಾಕ್ಕೆ ಇಳಿಯಬೇಕು. ಈಚೆಗಿದ್ದರೆ ದಾರಿಯುದ್ದಕ್ಕೂ ಇಳಿಜಾರೇ.

ಬೇರೆ ದಾರಿಗಳಿಲ್ಲವೇ? ಇವೆ. ಶ್ರೀನಗರದಿಂದ ಲೇಹ್‌ಗೆ ಹೋಗುವ ರಸ್ತೆಯಲ್ಲಿ ಜೋಜಿ ಲಾ 3,528 ಮೀಟರ್, ಅತಿ ಎತ್ತರದ ಫೋಟು ಲಾ 4,108 ಮೀಟರ್. ರಾತ್ರಿ ತಂಗುವ ಕಾರ್ಗಿಲ್ 2,700 ಮೀಟರ್‌ಗಿಂತ ಕೆಳಗೆ, ಲಾಮಾಯುರು ಸುಮಾರು 3,500 ಮೀಟರ್. ಅಲ್ಲಿಯೂ ಒಂದು ರಾತ್ರಿ ನಡುವೆ ಸೇರಿಸಿದರೆ ಸಾಕು. ಇನ್ನೊಂದು, ಶಿಮ್ಲಾದಿಂದ ಸಟ್ಲೆಜ್ ನದಿಯ ಗುಂಟ ಕಿನ್ನೌರ್ ಹಾದು ಸ್ಪಿತಿಯ ಕಾಜಾಕ್ಕೆ. ಕಾಜಾ ಸುಮಾರು 3,650 ಮೀಟರ್, ಅದರ ಮುಂದಿನ ಕುಂಜುಮ್ ಲಾ 4,600ಕ್ಕಿಂತ ತುಸು ಕಡಿಮೆ. ನಿಧಾನವಾಗಿ ಏರುವ, ಊರುಗಳಿರುವ ದಾರಿ. ಆದರೆ ಕಿನ್ನೌರ್‌ನಲ್ಲಿ ಮಳೆಗಾಲದ ಭೂಕುಸಿತದ ಭಯವಿದೆ. ಮೊದಲ ಸಲ ಹೋಗುವವರಿಗೆ ಈ ಎರಡರಲ್ಲಿ ಒಂದು ಮೇಲು ಎಂದು ನನ್ನ ಅಭಿಪ್ರಾಯ.

ಹೊರಡುವ ಮೊದಲು

ವಿದ್ಯಾರ್ಥಿ ಮಿತ್ರರೇ, ಒಂದು ಗ್ರಾಫ್ ಹಾಳೆ ತೆಗೆದುಕೊಳ್ಳಿ. ಅಡ್ಡಗೆರೆಯಲ್ಲಿ ದೂರ, ಲಂಬಗೆರೆಯಲ್ಲಿ ಎತ್ತರ. ಮೂರೂ ದಾರಿಗಳನ್ನು ಬರೆಯಿರಿ. ರಾತ್ರಿ ತಂಗುವ ಊರುಗಳಿಗೆ ಕೆಂಪು ಚುಕ್ಕೆ ಇಡಿ. 3,000 ಮೀಟರ್‌ಗಿಂತ ಮೇಲೆ ಯಾವ ಎರಡು ಚುಕ್ಕೆಗಳ ನಡುವೆ 500 ಮೀಟರ್‌ಗಿಂತ ಹೆಚ್ಚಿನ ಏರಿದೆಯೋ ಅಲ್ಲಿ ಇನ್ನೊಂದು ರಾತ್ರಿ ಸೇರಿಸಿ. ಹಿಮ ಕರಗಿ ಬರುವ ಹಳ್ಳಗಳು ಬಿಸಿಲೇರಿದಂತೆ ತುಂಬುತ್ತವೆ, ಮಧ್ಯಾಹ್ನ ದಾಟಲಾಗದ ಹಳ್ಳವನ್ನು ಬೆಳಿಗ್ಗೆ ಸುಲಭವಾಗಿ ದಾಟಬಹುದು. ಅದಕ್ಕೂ ಒಂದೆರಡು ದಿನ ಕೈಯಲ್ಲಿರಲಿ.

ತಂದೆ ತಾಯಿಯರೇ, ಮಕ್ಕಳು ಆ ಹಾಳೆ ತಂದು ತೋರಿಸಿದರೆ ಜೊತೆಯಲ್ಲಿ ಕುಳಿತು ಚುಕ್ಕೆಗಳನ್ನು ಎಣಿಸಿ. ಇಬ್ಬರು ಮೂವರು ಜೊತೆಗಾರರಿದ್ದಾರೆಯೇ ಕೇಳಿ. ವೈದ್ಯರಿಗೆ ಒಮ್ಮೆ ತೋರಿಸಿ. ಕೊನೆಗೆ ಒಂದು ಮಾತು ನೀವೇ ಹೇಳಿ ಕಳುಹಿಸಿ: "ಅರ್ಧ ದಾರಿಯಿಂದ ವಾಪಸು ಬಂದರೂ ನಾವು ಯಾರೂ ನಗುವುದಿಲ್ಲ." ತಲೆನೋವನ್ನು ಮುಚ್ಚಿಟ್ಟು ಮೇಲೇರುವ ಹುಡುಗನಿಗೆ ಇಳಿಯುವ ಧೈರ್ಯ ಕೊಡುವುದು ಆ ಮಾತೇ.