ಎಂಟು ತಿಂಗಳೆಂಬ ಅಂಕೆ ಮತ್ತು ರೋಗಿಯ ಬರಹ

ವೈದ್ಯಕೀಯ ದಾಖಲೆ ರೋಗದ ಗತಿಯನ್ನು ಹೇಳುತ್ತದೆ. ರೋಗಿ ಕಳೆದ ಕಾಲವನ್ನು ಹೇಳುವುದಿಲ್ಲ. ಅದಕ್ಕೆ ರೋಗಿಯ ಬರಹವೇ ಆಕರ. ಅಮೆರಿಕದ ಜೀವವಿಕಾಸ ವಿಜ್ಞಾನಿ, ಪ್ರಬಂಧಕಾರ ಸ್ಟೀಫನ್ ಜೇ ಗೌಲ್ಡ್ (1941–2002) ಅವರ ಎರಡು ಕಿರುಬರಹಗಳು ಈ ಮಾತಿಗೆ ನಿದರ್ಶನವಾಗಿವೆ.

1982ರ ಜುಲೈನಲ್ಲಿ ಗೌಲ್ಡ್ ಅವರ ಉದರದಲ್ಲಿ ಮೀಸೊಥೀಲಿಯೋಮ ಪತ್ತೆಯಾಯಿತು. ಕಲ್ನಾರಿನ ಸಂಪರ್ಕದಿಂದ ಬರುವುದೆಂದು ಸಾಮಾನ್ಯವಾಗಿ ಹೇಳಲಾಗುವ ಅಪರೂಪದ ಕ್ಯಾನ್ಸರ್ ಇದು. ಶಸ್ತ್ರಚಿಕಿತ್ಸೆಯ ಬಳಿಕ, ಈ ರೋಗದ ಬಗ್ಗೆ ಏನನ್ನು ಓದಬೇಕೆಂದು ಅವರು ಕೇಳಿದರು. ಓದತಕ್ಕದ್ದೇನೂ ಇಲ್ಲವೆಂದರು ವೈದ್ಯೆ. ನಡೆಯುವ ಶಕ್ತಿ ಬಂದೊಡನೆ ಅವರು ಹಾರ್ವರ್ಡ್‌ನ ವೈದ್ಯಕೀಯ ಗ್ರಂಥಾಲಯಕ್ಕೆ ಹೋದರು. ಅಲ್ಲಿ ದೊರೆತ ಉತ್ತರ: ಗುಣವಾಗದ ರೋಗ; ಪತ್ತೆಯಾದ ಮೇಲಿನ ಆಯುಸ್ಸಿನ ಮಧ್ಯಾಂಕ ಎಂಟು ತಿಂಗಳು.

1985ರಲ್ಲಿ 'ಡಿಸ್ಕವರ್' ಪತ್ರಿಕೆಯಲ್ಲಿ ಪ್ರಕಟವಾದ ಅವರ ಪ್ರಬಂಧವು ಈ ಒಂದು ವಾಕ್ಯದ ಪಾಠವಿಮರ್ಶೆಯೇ ಆಗಿದೆ. ಅರ್ಧ ಜನ ಎಂಟು ತಿಂಗಳೊಳಗೆ ಸಾಯುತ್ತಾರೆಂದರೆ ಉಳಿದರ್ಧ ಜನ ಅದಕ್ಕಿಂತ ಹೆಚ್ಚು ಕಾಲ ಬದುಕುತ್ತಾರೆಂದೇ ಅರ್ಥ. ಮೊದಲ ಅರ್ಧಕ್ಕೆ ಸೊನ್ನೆಯ ಗಡಿಯುಂಟು. ಎರಡನೆಯದು ಹಲವು ವರ್ಷಗಳವರೆಗೆ ಚಾಚಬಲ್ಲದು. ಅಲ್ಲದೆ ಆ ಅಂಕೆ ಹಳೆಯ ಚಿಕಿತ್ಸೆ ಪಡೆದವರದು. ಗೌಲ್ಡ್ ಪಡೆಯಲಿದ್ದುದು ಹೊಸ, ಪ್ರಾಯೋಗಿಕ ಚಿಕಿತ್ಸೆ. ಮಧ್ಯಾಂಕ ಸಮೂಹದ ಕುರಿತ ಹೇಳಿಕೆ, ವ್ಯಕ್ತಿಯ ಕುರಿತ ತೀರ್ಪಲ್ಲ.

ಆದರೆ ಕೀಮೋಥೆರಪಿಯ ಯಾತನೆ ಈ ಪ್ರಬಂಧದಲ್ಲಿ ಹೆಚ್ಚು ಕಾಣುವುದಿಲ್ಲ. ಅದು ಕಾಣುವುದು, ಗಾಂಜಾದ ಔಷಧೀಯ ಬಳಕೆಯನ್ನು ಕುರಿತು ಲೆಸ್ಟರ್ ಗ್ರಿನ್‌ಸ್ಪೂನ್ ಮತ್ತು ಜೇಮ್ಸ್ ಬಕಲಾರ್ 1993ರಲ್ಲಿ ಪ್ರಕಟಿಸಿದ ಗ್ರಂಥಕ್ಕೆ ಗೌಲ್ಡ್ ಬರೆದುಕೊಟ್ಟ ಅನುಭವಕಥನದಲ್ಲಿ. ಕೀಮೋಥೆರಪಿ ತಂದ ವಾಕರಿಕೆಯನ್ನು ರೂಢಿಯ ಮದ್ದುಗಳು ತಡೆಯಲಿಲ್ಲ. ಬುದ್ಧಿ ಮಂಕಾಗುವುದನ್ನು ಒಲ್ಲದ ವಿದ್ವಾಂಸರು ಹಿಂಜರಿಯುತ್ತಲೇ ಗಾಂಜಾ ಸೇದಿದರು; ವಾಕರಿಕೆ ನಿಂತಿತು. ಅಷ್ಟೇ ಮುಖ್ಯವಾಗಿ, ಒಂದು ಸುತ್ತಿಗೂ ಇನ್ನೊಂದು ಸುತ್ತಿಗೂ ನಡುವಿನ ದಿನಗಳಲ್ಲಿ ಅದರ ಭಯವೂ ಇಲ್ಲವಾಯಿತು. ಆಸ್ಪತ್ರೆಯ ಕಡತದಲ್ಲಿ ಔಷಧ ಕೊಟ್ಟ ದಿನಗಳಿಗೆ ಮಾತ್ರ ನಮೂದು ಇರುತ್ತದೆ. ನಡುವಿನ ದಿನಗಳು ಅಲ್ಲಿ ಖಾಲಿ. ರೋಗಿಗೆ ಅವೇ ದೀರ್ಘ.

ಗೌಲ್ಡ್ ಅವರ ಕಥೆಯನ್ನು ಮನೋಬಲದ ವಿಜಯಗಾಥೆಯಾಗಿ ಓದುವುದು ಸುಲಭ. ಅದು ಅವರ ಪಾಠಕ್ಕೆ ಮಾಡುವ ಅನ್ಯಾಯ. ಮನೋಧರ್ಮಕ್ಕೆ ಪಾತ್ರವುಂಟೆಂದು ಅವರು ಒಪ್ಪುತ್ತಾರೆ. ಆದರೆ ವಯಸ್ಸು, ರೋಗ ಬೇಗ ಪತ್ತೆಯಾದದ್ದು, ಉತ್ತಮ ಚಿಕಿತ್ಸೆ ಇವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. ಬದುಕುಳಿದವರೆಲ್ಲ ಧೀರರಾದರೆ, ಎಂಟು ತಿಂಗಳೊಳಗೆ ಸತ್ತವರು ಹೇಡಿಗಳಾಗಬೇಕಾಗುತ್ತದೆ. ಕನ್ನಡದಲ್ಲಿಯೂ ಕ್ಯಾನ್ಸರಿನಿಂದ ತೀರಿಕೊಂಡವರನ್ನು 'ಹೋರಾಡಿ ಸೋತರು' ಎನ್ನುವ ಶ್ರದ್ಧಾಂಜಲಿಗಳು ಅರಿಯದೆ ಈ ಆರೋಪವನ್ನೇ ಮಾಡುತ್ತವೆ.

ರೋಗ ಪತ್ತೆಯಾದ ಬಳಿಕ ಸುಮಾರು ಇಪ್ಪತ್ತು ವರ್ಷ ಬದುಕಿ, ತಮ್ಮ ಬೃಹತ್ ವಿಕಾಸವಾದ ಗ್ರಂಥ ಪ್ರಕಟವಾದ 2002ರಲ್ಲಿಯೇ, ಬೇರೊಂದು ಕ್ಯಾನ್ಸರಿನಿಂದ ಗೌಲ್ಡ್ ತೀರಿಕೊಂಡರು. ರೋಗಿಗಳ ಬರಹವನ್ನು ಸ್ಫೂರ್ತಿಕಥನದ ಕಪಾಟಿನಿಂದ ತೆಗೆದು, ಶಾಸನ, ದಿನಚರಿ, ಪತ್ರಗಳಂತೆಯೇ ಆಕರಗಳ ಸಾಲಿನಲ್ಲಿ ಇರಿಸಿ ಪರಿಶೀಲಿಸುವ ಕೆಲಸವನ್ನು ಸಾಹಿತ್ಯ ಸಂಶೋಧಕರು ಕೈಗೆತ್ತಿಕೊಳ್ಳಬೇಕು. ಕಡತದಲ್ಲಿ ಖಾಲಿ ಉಳಿದ ದಿನಗಳಿಗೆ ಬೇರೆ ಸಾಕ್ಷಿಯಿಲ್ಲ.